ರಹೀಂ ಸಾಬ್: ಹೈದರಾಬಾದಿನ ಮೇಷ್ಟ್ರು, ಏಷ್ಯಾ ಗೆದ್ದ ಕೋಚ್

ಇವತ್ತು ನಮ್ಮ ಕರಾವಳಿಯ ಯಾವ ಹುಡುಗನನ್ನು ಕೇಳಿದ್ರೂ ಸೌದಿಯ ಅಲ್ ಹಿಲಾಲ್, ಅಲ್ ನಸ್ರ್, ಅಲ್ ಇತ್ತಿಹಾದ್ ಕ್ಲಬ್‌ಗಳ ಹೆಸರು ಬಾಯಿಪಾಠ. ಅಪ್ಪನೋ ಅಣ್ಣನೋ ಗಲ್ಫ್‌ನಿಂದ ರಜೆಗೆ ಬರುವಾಗ ಸೂಟ್‌ಕೇಸಿನಲ್ಲಿ ಅತ್ತರ್, ಖರ್ಜೂರದ ಜೊತೆ ಒಂದು ಜೆರ್ಸಿಯೂ ಇರಬೇಕು. ಕ್ರಿಸ್ಟಿಯಾನೊ ರೊನಾಲ್ಡೊ ಅಲ್ ನಸ್ರ್ ಸೇರಿದ ಮೇಲಂತೂ ರಿಯಾದ್‌ನ ಫುಟ್ಬಾಲ್ ನಮ್ಮ ಮನೆಯ ಮಾತೇ ಆಗಿಬಿಟ್ಟಿದೆ. ಅರಬ್ ನಾಡಿನ ಕ್ಲಬ್‌ಗಳು ಕೋಟಿಗಟ್ಟಲೆ ಸುರಿಯುತ್ತವೆ, ನಮ್ಮವರು ಯಾವಾಗ ಆ ಮಟ್ಟ ಮುಟ್ಟುವುದು ಎಂಬ ಪ್ರಶ್ನೆ ಎಲ್ಲರ ಬಾಯಲ್ಲೂ ಇದೆ.

ಆದರೆ ಒಂದು ಲೆಕ್ಕ ಹಾಕಿ ನೋಡಿ. ಅಲ್ ನಸ್ರ್ ಹುಟ್ಟಿದ್ದು 1955ರಲ್ಲಿ. ಅಲ್ ಹಿಲಾಲ್ ಹುಟ್ಟಿದ್ದು 1957ರಲ್ಲಿ. ಈ ಎರಡು ವರ್ಷಗಳ ಮಧ್ಯೆ, 1956ರ ಡಿಸೆಂಬರ್‌ನಲ್ಲಿ, ಭಾರತದ ತಂಡ ಮೆಲ್ಬರ್ನ್ ಒಲಿಂಪಿಕ್ಸ್‌ನ ಫುಟ್ಬಾಲ್ ಸೆಮಿಫೈನಲ್ ಆಡುತ್ತಿತ್ತು. ಅಲ್ಲಿಯವರೆಗೆ ಏಷ್ಯಾದ ಯಾವ ದೇಶವೂ ಒಲಿಂಪಿಕ್ ಫುಟ್ಬಾಲ್‌ನಲ್ಲಿ ಆ ಹಂತ ಮುಟ್ಟಿರಲಿಲ್ಲ. ಆ ತಂಡವನ್ನು ಕಟ್ಟಿದವರು ಯಾರು ಗೊತ್ತಾ? ಹೈದರಾಬಾದಿನ ಒಬ್ಬ ಶಾಲಾ ಮೇಷ್ಟ್ರು. ಹೆಸರು ಸಯ್ಯದ್ ಅಬ್ದುಲ್ ರಹೀಂ. ಎಲ್ಲರಿಗೂ ರಹೀಂ ಸಾಬ್.

2024ರಲ್ಲಿ ಅಜಯ್ ದೇವಗನ್ ನಟಿಸಿದ 'ಮೈದಾನ್' ಸಿನಿಮಾ ಬಂದ ಮೇಲೆ ಕೆಲವರಿಗೆ ಈ ಹೆಸರು ಪರಿಚಯವಾಯಿತು. ಸಿನಿಮಾದಲ್ಲಿ ಸಿನಿಮಾಕ್ಕೆ ಬೇಕಾದ್ದು ಇರುತ್ತದೆ. ನಿಜವಾದ ಮನುಷ್ಯ ಹೇಗೆ ಬೆಳೆದರು, ಏನು ಮಾಡಿದರು ಅಂತ ನಮ್ಮ ಯುವಕರು ಒಮ್ಮೆ ನಿಧಾನವಾಗಿ ತಿಳಿದುಕೊಳ್ಳಬೇಕು.

ಮೂರು ತಾಲೂಕುಗಳ ಸಂಸ್ಥಾನ

ಮೊದಲು ಊರಿನ ವಿಷಯ. ಬೀದರ್‌ನಿಂದ ಹೈದರಾಬಾದಿಗೆ ಬಸ್ ಹತ್ತಿದರೆ ದಾರಿಯಲ್ಲಿ ಜಹೀರಾಬಾದ್ ಸಿಗುತ್ತದೆ. ಬೀದರ್‌ನ ಇನ್ನೊಂದು ಮಗ್ಗುಲಲ್ಲಿ ನಾರಾಯಣಖೇಡ್. ಕಲಬುರಗಿ ಕಡೆಯಿಂದ ರೈಲಿನಲ್ಲಿ ಹೋದರೆ ವಾಡಿ, ಸೇಡಂ ದಾಟಿದ ಮೇಲೆ ಕಲ್ಲುಗಣಿಗಳ ತಾಂಡೂರು. ಇವತ್ತು ಮೂರೂ ತೆಲಂಗಾಣದಲ್ಲಿವೆ. ಆದರೆ ಅಲ್ಲಿನ ಸಂತೆಯಲ್ಲಿ ನಿಂತರೆ ಕನ್ನಡ, ತೆಲುಗು, ದಖನಿ ಉರ್ದು ಎಲ್ಲ ಒಟ್ಟಿಗೇ ಕಿವಿಗೆ ಬೀಳುತ್ತವೆ. ಅದಕ್ಕೆ ಕಾರಣವಿದೆ. ಜಹೀರಾಬಾದ್, ನಾರಾಯಣಖೇಡ್ ಹಿಂದೆ ಬೀದರ್ ಜಿಲ್ಲೆಯ ತಾಲೂಕುಗಳು. ತಾಂಡೂರು ಗುಲ್ಬರ್ಗ ಜಿಲ್ಲೆಯದ್ದು. ಎಲ್ಲವೂ ನಿಜಾಮರ ಹೈದರಾಬಾದ್ ಸಂಸ್ಥಾನದ ಒಳಗೆ. ಓದಿಗೆ, ನೌಕರಿಗೆ, ಆಸ್ಪತ್ರೆಗೆ, ಆಟ ನೋಡಲಿಕ್ಕೆ, ಎಲ್ಲಕ್ಕೂ ಆ ಭಾಗದವರ ಪಟ್ಟಣ ಅಂದರೆ ಹೈದರಾಬಾದೇ.

ರಹೀಂ ಸಾಬ್ ಹುಟ್ಟಿದ್ದು ಆ ಹೈದರಾಬಾದಿನಲ್ಲಿ, 1909ರ ಆಗಸ್ಟ್ 17ರಂದು. ಓದಿದ್ದು ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ. 1918ರಲ್ಲಿ ಶುರುವಾದ ಆ ವಿಶ್ವವಿದ್ಯಾಲಯ ಆಗ ಉರ್ದುವಿನಲ್ಲೇ ಪಾಠ ಹೇಳುತ್ತಿತ್ತು. ವಿಶ್ವವಿದ್ಯಾಲಯದ ತಂಡದಲ್ಲಿ ರಹೀಂ ಫುಟ್ಬಾಲ್ ಆಡಿದರು. ಪದವಿ ಮುಗಿಸಿ ಮೇಷ್ಟ್ರಾದರು. ಕಾಚಿಗುಡ ಮಿಡ್ಲ್ ಸ್ಕೂಲ್, ದಾರುಲ್ ಉಲೂಂ, ಚಾದರ್‌ಘಾಟ್ ಹೈಸ್ಕೂಲ್ ಮುಂತಾದ ಕಡೆ ಪಾಠ ಮಾಡಿದರು. ಆಮೇಲೆ ದೈಹಿಕ ಶಿಕ್ಷಣದಲ್ಲಿ ಡಿಪ್ಲೊಮಾ ಮಾಡಿ ಶಾಲೆಯ ಆಟದ ಜವಾಬ್ದಾರಿ ಹೊತ್ತುಕೊಂಡರು. ಮುಂದೆ ಅವರು ಎಷ್ಟು ದೊಡ್ಡ ಕೋಚ್ ಆದರೂ ಅವರೊಳಗಿನ ಈ ಮೇಷ್ಟ್ರು ಎಲ್ಲಿಗೂ ಹೋಗಲಿಲ್ಲ.

ಹೈದರಾಬಾದ್‌ಗೂ ಅರಬ್ ನಾಡಿಗೂ ಹಳೆಯ ನಂಟು. ಯಮನ್‌ನ ಹದ್ರಮೌತ್‌ನಿಂದ ಬಂದು ನಿಜಾಮರ ಸೇನೆ ಸೇರಿದ ಅರಬರು ನೆಲೆ ನಿಂತ ಮೊಹಲ್ಲಾ ಬಾರ್ಕಸ್. ಬ್ಯಾರಕ್ಸ್ ಎಂಬ ಪದವೇ ಜನರ ಬಾಯಲ್ಲಿ ಬಾರ್ಕಸ್ ಆಯಿತು. ಆ ಮೊಹಲ್ಲಾ ಇಂದಿಗೂ ಫುಟ್ಬಾಲ್ ಆಟಗಾರರ ತವರು ಅಂತಲೇ ಹೆಸರುವಾಸಿ. ಅರಬರ ಮಕ್ಕಳು, ದಖನಿ ಮುಸ್ಲಿಮರು, ಸಿಕಂದರಾಬಾದಿನ ದಂಡು ಪ್ರದೇಶದ ತಮಿಳರು, ತೆಲುಗರು, ಕ್ರಿಶ್ಚಿಯನ್ನರು ಎಲ್ಲರೂ ಒಂದೇ ಚೆಂಡಿನ ಹಿಂದೆ ಓಡುತ್ತಿದ್ದ ಊರದು.

ಬರಿಗಾಲ ಹುಡುಗರು, ಮೇಷ್ಟ್ರ ಉಪಾಯ

1943ರಲ್ಲಿ ರಹೀಂ ಹೈದರಾಬಾದ್ ಫುಟ್ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ಕೊನೆಯ ಉಸಿರಿನವರೆಗೂ ಆ ಹೊಣೆಯನ್ನು ಬಿಡಲಿಲ್ಲ. ಆಗಿನ ಸ್ಥಿತಿ ಏನು? ಕ್ಲಬ್‌ಗಳಲ್ಲಿ ಹಣವಿಲ್ಲ. ಹುಡುಗರ ಕಾಲಿಗೆ ಬೂಟಿಲ್ಲ. ಹೊಟ್ಟೆಗೇ ಸರಿಯಾಗಿ ಇಲ್ಲದವರು ಎಷ್ಟೋ ಜನ. ವಿದೇಶಿ ಕೋಚ್ ತರಿಸುವ ಮಾತು ಕನಸಿನಲ್ಲೂ ಇಲ್ಲ.

ಹಣವಿಲ್ಲದ ಕಡೆ ತಲೆ ಓಡಿಸಬೇಕು. ರಹೀಂ ಅದನ್ನೇ ಮಾಡಿದರು. ನಮ್ಮ ಹುಡುಗರಿಗೆ ಒಂದು ಚಾಳಿ ಇದೆ ನೋಡಿ: ಚೆಂಡು ಸಿಕ್ಕಿದರೆ ಬಿಡುವುದಿಲ್ಲ, ನಾಲ್ಕು ಜನರನ್ನು ದಾಟಿಸಿಯೇ ಸಿದ್ಧ. ಆಗಲೂ ಹಾಗೇ ಇತ್ತು. ಅದನ್ನು ಬಿಡಿಸಲು ರಹೀಂ ಡ್ರಿಬ್ಲಿಂಗ್ ಮಾಡುವಂತಿಲ್ಲ ಎಂಬ ನಿಯಮದ ಟೂರ್ನಿಗಳನ್ನೇ ಏರ್ಪಡಿಸಿದರು. ಚೆಂಡು ಬಂತಾ, ತಕ್ಷಣ ಪಾಸ್ ಕೊಡು. ಇನ್ನೊಂದು ಬಗೆಯ ಪಂದ್ಯದಲ್ಲಿ ಬಲಗಾಲಿನವನು ಎಡಗಾಲಲ್ಲೇ, ಎಡಗಾಲಿನವನು ಬಲಗಾಲಲ್ಲೇ ಒದೆಯಬೇಕು. ಹೀಗೆ ಆಡಿ ಆಡಿ ಹುಡುಗರಿಗೆ ಎರಡೂ ಕಾಲು ಸಮ ಆಯಿತು, ಕಣ್ಣು ಮೇಲೆತ್ತಿ ಜೊತೆಗಾರನನ್ನು ನೋಡುವ ಅಭ್ಯಾಸ ಬಂತು. ಇದಕ್ಕೆ ಖರ್ಚಾದದ್ದು ಎಷ್ಟು? ಒಂದು ಚೆಂಡು, ಒಂದು ಸೀಟಿ.

ಬಡ ಹುಡುಗರನ್ನು ಹುಡುಕಿ ತರುವುದರಲ್ಲೂ ಅವರದ್ದು ಬೇರೆಯೇ ಕಣ್ಣು. ಸಿಕಂದರಾಬಾದ್ ಬಳಿಯ ಅಮ್ಮುಗುಡದ ಬಡ ಕುಟುಂಬದ ಹುಡುಗ ತುಳಸೀದಾಸ್ ಬಲರಾಂ. ಅಭ್ಯಾಸಕ್ಕೆ ಹೈದರಾಬಾದಿಗೆ ಬಂದು ಹೋಗಲು ಕೈಯಲ್ಲಿ ಕಾಸಿಲ್ಲ. ಸೈಕಲ್ಲಿನ ಖರ್ಚಿಗೆ ದಾರಿ ಮಾಡಿಕೊಟ್ಟವರು ರಹೀಂ ಸಾಬ್ ಅಂತ ಬಲರಾಂ ವಯಸ್ಸಾದ ಮೇಲೂ ನೆನಪಿಸಿಕೊಳ್ಳುತ್ತಿದ್ದರು. ಆ ಹುಡುಗ ಮುಂದೆ ಎರಡು ಒಲಿಂಪಿಕ್ಸ್ ತಂಡಗಳಲ್ಲಿದ್ದ.

1948ರ ಗಾಯ, 1950ರ ಕಪ್

ಇಲ್ಲಿ ಒಂದು ನೋವಿನ ಅಧ್ಯಾಯವನ್ನು ಹೇಳಲೇಬೇಕು. 1948ರ ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಬಂದು ಹೈದರಾಬಾದ್ ಸಂಸ್ಥಾನ ದೇಶದಲ್ಲಿ ಸೇರಿತು. ಅದಕ್ಕೂ ಮೊದಲು ರಜಾಕಾರರ ಹಾವಳಿಯಲ್ಲಿ ಎಷ್ಟೋ ಹಳ್ಳಿಗಳ ಜನ ನರಳಿದರು. ಸೇರ್ಪಡೆಯ ನಂತರ ಸೇಡಿನ ಬೆಂಕಿಯಲ್ಲಿ ಸಾವಿರಾರು ಅಮಾಯಕ ಮುಸ್ಲಿಮರು ಜೀವ ಕಳೆದುಕೊಂಡರು. ಕೇಂದ್ರ ಸರಕಾರವೇ ಕಳುಹಿಸಿದ ಪಂಡಿತ್ ಸುಂದರಲಾಲ್ ಅವರ ತಂಡ ಹೆಚ್ಚು ಪೆಟ್ಟು ತಿಂದ ಜಿಲ್ಲೆಗಳೆಂದು ಉಸ್ಮಾನಾಬಾದ್, ಗುಲ್ಬರ್ಗ, ಬೀದರ್, ನಾಂದೇಡ್‌ಗಳನ್ನು ಹೆಸರಿಸಿತು. ಅಂದರೆ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೇರಿದ್ದ ಜಿಲ್ಲೆಗಳೇ. ನೌಕರಿ ಹೋದವರು, ಜಮೀನು ಹೋದವರು, ಊರು ಬಿಟ್ಟವರು. ಎಷ್ಟೋ ಮನೆಗಳ ಯುವಕರಿಗೆ ಮುಂದೇನು ಎಂಬ ಪ್ರಶ್ನೆಗೆ ಉತ್ತರವೇ ಇರಲಿಲ್ಲ.

ಇದಾಗಿ ಎರಡೇ ವರ್ಷ. 1950ರಲ್ಲಿ ರಹೀಂ ಹೈದರಾಬಾದ್ ಸಿಟಿ ಪೊಲೀಸ್ ತಂಡದ ಕೋಚ್ ಆದರು. ಅದೇ ವರ್ಷ ಆ ತಂಡ ಬಾಂಬೆಗೆ ಹೋಗಿ ರೋವರ್ಸ್ ಕಪ್ ಗೆದ್ದಿತು. ದಿಲ್ಲಿಯಲ್ಲಿ ಡ್ಯುರಾಂಡ್ ಕಪ್ ಫೈನಲ್‌ನಲ್ಲಿ ಕಲ್ಕತ್ತಾದ ಮೋಹನ್ ಬಗಾನ್ ತಂಡವನ್ನೇ ಸೋಲಿಸಿತು. ರೋವರ್ಸ್ ಕಪ್ ಅಲ್ಲಿಗೇ ನಿಲ್ಲಲಿಲ್ಲ. 1950ರಿಂದ 1954ರವರೆಗೆ ಸತತ ಐದು ಸಲ ಹೈದರಾಬಾದ್ ಪೊಲೀಸರದ್ದೇ. ಫುಟ್ಬಾಲ್ ಅಂದರೆ ಕಲ್ಕತ್ತಾ ಎಂದಿದ್ದ ಕಾಲದಲ್ಲಿ ದಖನ್‌ನ ಪೊಲೀಸ್ ಕಾನ್‌ಸ್ಟೆಬಲ್‌ಗಳು ಬಂದು ಐದು ವರ್ಷ ಕಪ್ ಎತ್ತಿಕೊಂಡು ಹೋದರು.

ಆ ತಂಡದಲ್ಲಿ ಅಝೀಝುದ್ದೀನ್, ನೂರ್ ಮುಹಮ್ಮದ್ ತರಹದ ಹುಡುಗರಿದ್ದರು. ಫುಟ್ಬಾಲ್ ಅವರಿಗೆ ಖಾಕಿ ಸಮವಸ್ತ್ರ ಕೊಟ್ಟಿತು, ತಿಂಗಳ ಸಂಬಳ ಕೊಟ್ಟಿತು, ದೇಶದ ಜೆರ್ಸಿಯನ್ನೂ ಕೊಟ್ಟಿತು. ಗಾಯಗೊಂಡ ಒಂದು ನಾಡಿನಲ್ಲಿ ಇದು ಸಣ್ಣ ಮಾತಲ್ಲ. ಆಟ ಎಲ್ಲ ಗಾಯವನ್ನು ಗುಣಪಡಿಸುತ್ತದೆ ಅಂತ ಹೇಳಲಾಗದು. ಆದರೆ ತಲೆ ಎತ್ತಿ ನಡೆಯಲು ಒಂದು ಕಾರಣ ಕೊಡುತ್ತದೆ.

ಹೆಲ್ಸಿಂಕಿಯಲ್ಲಿ ಹತ್ತು ಗೋಲು

ಅದೇ ಹೊತ್ತಿಗೆ ಭಾರತ ತಂಡದ ಹೊಣೆಯೂ ರಹೀಂ ಹೆಗಲಿಗೆ ಬಂತು. 1951ರಲ್ಲಿ ದಿಲ್ಲಿಯಲ್ಲಿ ಮೊದಲ ಏಷ್ಯನ್ ಗೇಮ್ಸ್. ಇಂಡೋನೇಷ್ಯಾವನ್ನು 3-0, ಅಫ್ಘಾನಿಸ್ತಾನವನ್ನು 3-0 ಅಂತರದಲ್ಲಿ ಸೋಲಿಸಿದ ಭಾರತ ಫೈನಲ್‌ನಲ್ಲಿ ಇರಾನ್ ಎದುರು ಸಾಹು ಮೇವಾಲಾಲ್ ಹೊಡೆದ ಒಂದೇ ಗೋಲಿನಿಂದ ಚಿನ್ನ ಗೆದ್ದಿತು. ನಮ್ಮ ಬೆಂಗಳೂರಿನ ಅಹ್ಮದ್ ಖಾನ್ ಆ ತಂಡದ ಮುಂಚೂಣಿ ಆಟಗಾರ.

ಮರುವರ್ಷವೇ ಪೆಟ್ಟು ಬಿತ್ತು. 1952ರ ಹೆಲ್ಸಿಂಕಿ ಒಲಿಂಪಿಕ್ಸ್. ಫಿನ್ಲೆಂಡಿನ ಚಳಿ. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲೇ ಇಳಿದರು. ಯುಗೊಸ್ಲಾವಿಯಾ 10, ಭಾರತ 1. ಆ ಒಂದು ಗೋಲು ಅಹ್ಮದ್ ಖಾನ್ ಅವರದ್ದು.

ಇಂಥ ಸೋಲಾದ ಮೇಲೆ ನಮ್ಮಲ್ಲಿ ಸಾಮಾನ್ಯವಾಗಿ ಏನಾಗುತ್ತದೆ? ರೆಫ್ರಿಗೆ ಬೈಯುವುದು, ಹವೆಗೆ ಬೈಯುವುದು, ಕೋಚನ್ನು ಓಡಿಸುವುದು. ರಹೀಂ ಅಲ್ಲಿಯೇ ಉಳಿದ ಪಂದ್ಯಗಳನ್ನು ಗಮನಿಸಿದರು. ಆ ವರ್ಷ ಚಿನ್ನ ಗೆದ್ದ ಹಂಗೇರಿ ತಂಡ ತನ್ನ ಸೆಂಟರ್ ಫಾರ್ವರ್ಡ್ ಆಟಗಾರನನ್ನು ಮುಂದೆ ನಿಲ್ಲಿಸದೆ ಸ್ವಲ್ಪ ಹಿಂದಕ್ಕೆ ಎಳೆದುಕೊಂಡು ಆಡಿಸುತ್ತಿತ್ತು. ಅವನನ್ನು ಹಿಡಿಯಲು ಎದುರಾಳಿಯ ಡಿಫೆಂಡರ್ ಮುಂದೆ ಬಂದರೆ ಹಿಂದೆ ಜಾಗ ಖಾಲಿ. ಬಾರದಿದ್ದರೆ ಅವನು ಆರಾಮವಾಗಿ ಪಾಸ್ ಹಂಚುತ್ತಾನೆ. ರಹೀಂ ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದು ತಮ್ಮ ಹುಡುಗರಿಗೆ ಕಲಿಸಿದರು. ಆ ಸೋಲಿನ ನಂತರ ಭಾರತದ ಫುಟ್ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿತು.

ನಕ್ಷೆ ಬದಲಾದ ನವೆಂಬರ್

1956ರ ನವೆಂಬರ್ 1. ಭಾಷಾವಾರು ರಾಜ್ಯಗಳು ಬಂದವು. ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್, ಗುಲ್ಬರ್ಗ, ರಾಯಚೂರು ಕಡೆ ಮೈಸೂರು ರಾಜ್ಯಕ್ಕೆ ಸೇರಿದವು. ಆದರೆ ನಾರಾಯಣಖೇಡ್, ಜಹೀರಾಬಾದ್ ತಾಲೂಕಿನ ಹೆಚ್ಚಿನ ಭಾಗ, ತಾಂಡೂರು ಆಂಧ್ರಪ್ರದೇಶಕ್ಕೆ ಹೋದವು. ಬೆಳಗಾಗುವಷ್ಟರಲ್ಲಿ ಅಕ್ಕತಂಗಿಯರ ಮನೆಗಳು ಬೇರೆ ಬೇರೆ ರಾಜ್ಯ.

ಸರಿಯಾಗಿ ಒಂದು ತಿಂಗಳ ನಂತರ, ಡಿಸೆಂಬರ್ 1ರಂದು, ಮೆಲ್ಬರ್ನ್‌ನಲ್ಲಿ ಭಾರತ ಆತಿಥೇಯ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿತು. ನೆವಿಲ್ ಡಿಸೋಜಾ ಹ್ಯಾಟ್ರಿಕ್ ಹೊಡೆದರು. ಏಷ್ಯಾದ ಆಟಗಾರನೊಬ್ಬ ಒಲಿಂಪಿಕ್ ಫುಟ್ಬಾಲ್‌ನಲ್ಲಿ ಹೊಡೆದ ಮೊದಲ ಹ್ಯಾಟ್ರಿಕ್ ಅದು. ಇಲ್ಲದಂತಾದ ಹೈದರಾಬಾದ್ ರಾಜ್ಯದ ಅಝೀಝುದ್ದೀನ್, ನೂರ್ ಮುಹಮ್ಮದ್, ಅಹ್ಮದ್ ಹುಸೈನ್, ಝುಲ್ಫಿಕಾರುದ್ದೀನ್, ಬಲರಾಂ ಆ ತಂಡದಲ್ಲಿದ್ದರು. ನಮ್ಮ ಮೈಸೂರು ಕಡೆಯ ಕೆಂಪಯ್ಯ ಕೂಡ ಇದ್ದರು. ಸೆಮಿಫೈನಲ್‌ನಲ್ಲಿ ನಾಲ್ಕು ವರ್ಷದ ಹಿಂದೆ ಹತ್ತು ಗೋಲು ಹೊಡೆದಿದ್ದ ಅದೇ ಯುಗೊಸ್ಲಾವಿಯಾ. ಮೊದಲು ಗೋಲು ಹೊಡೆದದ್ದು ಭಾರತ! ಕೊನೆಗೆ 1-4ರಿಂದ ಸೋಲಾಯಿತು. ಕಂಚಿನ ಪಂದ್ಯದಲ್ಲಿ ಬಲ್ಗೇರಿಯಾ ಎದುರೂ ಸೋತು ನಾಲ್ಕನೇ ಸ್ಥಾನ. ಬರಿಗಾಲಿನಿಂದ ನಾಲ್ಕನೇ ಸ್ಥಾನಕ್ಕೆ ಬರಲು ಬೇಕಾದದ್ದು ನಾಲ್ಕು ವರ್ಷ.

ರಾಜ್ಯ ಹೋದರೂ ಫುಟ್ಬಾಲ್‌ನಲ್ಲಿ ಹೈದರಾಬಾದ್ ಹೆಸರು ಹೋಗಲಿಲ್ಲ. 1956-57 ಮತ್ತು 1957-58ರಲ್ಲಿ ರಹೀಂ ತರಬೇತಿಯ ಹೈದರಾಬಾದ್ ತಂಡ ಸತತ ಎರಡು ಸಲ ಸಂತೋಷ್ ಟ್ರೋಫಿ ಗೆದ್ದಿತು. 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಗುಂಪಿನಲ್ಲಿ ಸಿಕ್ಕಿದ್ದು ಹಂಗೇರಿ, ಫ್ರಾನ್ಸ್, ಪೆರು. ಹಂಗೇರಿಗೆ 1-2ರಿಂದ ಸೋತರು, ಫ್ರಾನ್ಸ್ ಜೊತೆ 1-1 ಡ್ರಾ ಮಾಡಿಕೊಂಡರು. ಪೆರು ಎದುರು ಸೋತು ಮನೆಗೆ ಬಂದರು. ಆ ತಂಡದಲ್ಲಿ ರಹೀಂ ಅವರ ಮಗ ಸಯ್ಯದ್ ಶಾಹಿದ್ ಹಕೀಂ ಕೂಡ ಇದ್ದರು. ಆದರೆ ಒಂದು ಪಂದ್ಯದಲ್ಲೂ ಮೈದಾನಕ್ಕೆ ಇಳಿಯುವ ಅವಕಾಶ ಮಗನಿಗೆ ಸಿಗಲಿಲ್ಲ. ತಂದೆಯೇ ಕೋಚ್ ಆಗಿದ್ದರೂ ಹಾಗೆ. ಇಂದಿನ ದಿನಗಳಲ್ಲಿ ಇದನ್ನು ನಂಬುವುದು ಸ್ವಲ್ಪ ಕಷ್ಟವೇ!

ಜಕಾರ್ತಾದ ಕೊನೆಯ ಪಂದ್ಯ

1962ರ ಜಕಾರ್ತಾ ಏಷ್ಯನ್ ಗೇಮ್ಸ್ ಹೊತ್ತಿಗೆ ರಹೀಂ ಅವರನ್ನು ಕ್ಯಾನ್ಸರ್ ಹಿಡಿದಿತ್ತು. ಶ್ವಾಸಕೋಶದ ಕ್ಯಾನ್ಸರ್. ಅವರು ತಂಡ ಬಿಡಲಿಲ್ಲ.

ಮೊದಲ ಪಂದ್ಯದಲ್ಲೇ ದಕ್ಷಿಣ ಕೊರಿಯಾ ಎದುರು 0-2 ಸೋಲು. ಥಾಯ್ಲೆಂಡ್ ಎದುರು ಗೆದ್ದರೂ ಡಿಫೆಂಡರ್ ಜರ್ನೈಲ್ ಸಿಂಗ್ ತಲೆಗೆ ಪೆಟ್ಟಾಗಿ ಹೊಲಿಗೆ ಹಾಕಬೇಕಾಯಿತು. ಜಪಾನ್ ಎದುರು 2-0 ಗೆಲುವು. ಸೆಮಿಫೈನಲ್‌ಗೆ ರಹೀಂ ಒಂದು ವಿಚಿತ್ರ ನಿರ್ಧಾರ ಮಾಡಿದರು. ತಲೆಗೆ ಬ್ಯಾಂಡೇಜ್ ಕಟ್ಟಿದ್ದ ಅದೇ ಜರ್ನೈಲ್‌ರನ್ನು ಫಾರ್ವರ್ಡ್ ಸ್ಥಾನದಲ್ಲಿ ನಿಲ್ಲಿಸಿದರು. ಅವರು ಗೋಲು ಹೊಡೆದರು, ಭಾರತ ದಕ್ಷಿಣ ವಿಯೆಟ್ನಾಂ ತಂಡವನ್ನು 3-2ರಿಂದ ಸೋಲಿಸಿತು.

ಮೈದಾನದ ಹೊರಗೆ ಬೇರೆಯೇ ಬಿರುಗಾಳಿ. ಅರಬ್ ದೇಶಗಳ ಮತ್ತು ಚೀನಾದ ಒತ್ತಡದಿಂದ ಇಂಡೋನೇಷ್ಯಾ ಸರಕಾರ ಇಸ್ರೇಲ್ ಮತ್ತು ತೈವಾನ್ ಆಟಗಾರರಿಗೆ ವೀಸಾ ಕೊಟ್ಟಿರಲಿಲ್ಲ. ಹಾಗಾದರೆ ಇದನ್ನು ಏಷ್ಯನ್ ಗೇಮ್ಸ್ ಅಂತ ಕರೆಯಬಾರದು ಎಂದು ಭಾರತದ ಕ್ರೀಡಾಧಿಕಾರಿ ಜಿ.ಡಿ. ಸೋಂಧಿ ಆಕ್ಷೇಪ ಎತ್ತಿದರು. ಜಕಾರ್ತಾದಲ್ಲಿ ಜನ ರೊಚ್ಚಿಗೆದ್ದರು, ಭಾರತದ ರಾಯಭಾರ ಕಚೇರಿಯ ಮೇಲೆ ದಾಳಿಯಾಯಿತು. ಸೆಪ್ಟೆಂಬರ್ 4ರಂದು ಫೈನಲ್. ಸುಮಾರು ಒಂದು ಲಕ್ಷ ಜನ ತುಂಬಿದ ಸ್ಟೇಡಿಯಂ ಭಾರತದ ವಿರುದ್ಧ ಕೂಗುತ್ತಿತ್ತು. ಆ ಗದ್ದಲದಲ್ಲಿ ಭಾರತಕ್ಕೆ ಕೈ ಬೀಸಿ ಬೆಂಬಲ ಕೊಟ್ಟವರು ಪಾಕಿಸ್ತಾನದ ಹಾಕಿ ಆಟಗಾರರು ಅಂತ ನಮ್ಮ ಆಟಗಾರರೇ ನಂತರ ನೆನಪಿಸಿಕೊಂಡಿದ್ದಾರೆ.

ಎದುರಿಗೆ ಮತ್ತದೇ ದಕ್ಷಿಣ ಕೊರಿಯಾ. ಫೈನಲ್‌ನ ಹಿಂದಿನ ರಾತ್ರಿ ರಹೀಂ ತಮ್ಮ ಹುಡುಗರಲ್ಲಿ ನಾಳೆ ಚಿನ್ನವನ್ನು ಉಡುಗೊರೆಯಾಗಿ ಕೊಡಿ ಅಂತ ಕೇಳಿಕೊಂಡರು ಎನ್ನುತ್ತಾರೆ. ಪಿ.ಕೆ. ಬ್ಯಾನರ್ಜಿ ಒಂದು ಗೋಲು ಹೊಡೆದರು. ಬ್ಯಾಂಡೇಜಿನ ಜರ್ನೈಲ್ ಇನ್ನೊಂದು. ಕೊರಿಯಾ ಕೊನೆಗೆ ಒಂದು ಗೋಲು ಮರಳಿಸಿತು, ಅಷ್ಟೇ. 2-1. ಚುನಿ ಗೋಸ್ವಾಮಿ ನಾಯಕತ್ವದ ಆ ತಂಡದಲ್ಲಿ ಹೈದರಾಬಾದಿನ ಯೂಸುಫ್ ಖಾನ್, ಬಲರಾಂ, ಅಫ್ಝಲ್, ಗೋಲ್‌ಕೀಪರ್ ಪೀಟರ್ ತಂಗರಾಜ್ ಇದ್ದರು, ಬೆಂಗಳೂರಿನ ಅರುಮೈನಾಯಗಂ ಇದ್ದರು. ಕ್ರಿಶ್ಚಿಯನ್, ಮುಸ್ಲಿಂ, ಹಿಂದೂ, ಸಿಖ್ ಎಲ್ಲರೂ ಇದ್ದ ತಂಡ. ಅದನ್ನು ಯಾರೂ ಲೆಕ್ಕ ಹಾಕಿ ಮಾಡಿದ್ದಲ್ಲ. ಚೆನ್ನಾಗಿ ಆಡುವವರನ್ನು ಆರಿಸಿದಾಗ ತಂಡ ತಾನಾಗಿ ಹಾಗೆ ಆಯಿತು.

ಅದೇ ಕೊನೆ. 1963ರ ಜೂನ್ 11ರಂದು ರಹೀಂ ಸಾಬ್ ತೀರಿಕೊಂಡರು. ವಯಸ್ಸು 53 ಮಾತ್ರ.

ಉಳಿದದ್ದು ಏನು?

ಅವರ ನಂತರ ಭಾರತ ಏಷ್ಯನ್ ಗೇಮ್ಸ್ ಫುಟ್ಬಾಲ್‌ನಲ್ಲಿ ಒಂದೇ ಒಂದು ಪದಕ ಗೆದ್ದಿದೆ, 1970ರ ಬ್ಯಾಂಕಾಕ್‌ನ ಕಂಚು. ಚಿನ್ನ ಮತ್ತೆ ಬಂದಿಲ್ಲ. ಒಲಿಂಪಿಕ್ಸ್‌ಗೆ 1960ರ ನಂತರ ಅರ್ಹತೆಯೇ ಸಿಕ್ಕಿಲ್ಲ. ಇನ್ನೊಂದು ಕಡೆ, ನಾವು ಮೆಲ್ಬರ್ನ್‌ನಲ್ಲಿ ಸೆಮಿಫೈನಲ್ ಆಡುವಾಗ ಕಣ್ಣು ಬಿಡುತ್ತಿದ್ದ ಸೌದಿ ಫುಟ್ಬಾಲ್ 1984ರಲ್ಲಿ ಏಷ್ಯಾ ಕಪ್ ಗೆದ್ದಿತು, 1994ರಲ್ಲಿ ವಿಶ್ವಕಪ್ ಆಡಿತು. ಎಲ್ಲವೂ ತೈಲದ ಹಣದಿಂದ ಆಯಿತು ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ಆದರೆ ರಹೀಂ ಸಾಬ್ ಹತ್ತಿರ ಯಾವ ತೈಲವಿತ್ತು? ನಾವು ಕಳೆದುಕೊಂಡದ್ದು ಹಣದ ಅವಕಾಶಕ್ಕಿಂತ ಹೆಚ್ಚಾಗಿ ಮೈದಾನದಲ್ಲಿ ನಿಂತು ಕಲಿಸುವ ಮೇಷ್ಟ್ರನ್ನು. ಅವರು ಹೋದ ಮೇಲೆ ಅವರ ಪಾಠವನ್ನು ಯಾರೂ ವ್ಯವಸ್ಥೆಯಾಗಿ ಮುಂದುವರಿಸಲಿಲ್ಲ.

ಮಗ ಹಕೀಂ ತಂದೆಯ ದಾರಿಯನ್ನು ಬಿಡಲಿಲ್ಲ. ವಾಯುಸೇನೆಯಲ್ಲಿ ಸ್ಕ್ವಾಡ್ರನ್ ಲೀಡರ್ ಆದರು, ಫಿಫಾ ರೆಫ್ರಿಯಾದರು, ಕೋಚ್ ಆದರು, 2017ರಲ್ಲಿ ಧ್ಯಾನ್‌ಚಂದ್ ಪ್ರಶಸ್ತಿ ಪಡೆದರು. 2021ರ ಆಗಸ್ಟ್ 22ರಂದು ಅವರು ಕೊನೆಯುಸಿರೆಳೆದದ್ದು ಎಲ್ಲಿ ಗೊತ್ತಾ? ನಮ್ಮ ಕಲಬುರಗಿಯ ಆಸ್ಪತ್ರೆಯಲ್ಲಿ. ಒಂದು ಕಾಲದಲ್ಲಿ ತಾಂಡೂರು ಯಾವ ಜಿಲ್ಲೆಗೆ ಸೇರಿತ್ತೋ ಆ ಜಿಲ್ಲೆಯ ಕೇಂದ್ರದಲ್ಲಿ. ನಕ್ಷೆಯ ಮೇಲಿನ ಗೆರೆಗಳು ಏನೇ ಹೇಳಲಿ, ರಹೀಂ ಸಾಬ್ ಮನೆತನದ ಕಥೆ ಕನ್ನಡ ನಾಡಿನ ಮಣ್ಣನ್ನೂ ಮುಟ್ಟಿಯೇ ಮುಗಿಯಿತು.

ನಮ್ಮ ಹುಡುಗರು ಅಲ್ ಹಿಲಾಲ್ ಪಂದ್ಯ ನೋಡಲಿ, ಜೆರ್ಸಿ ಹಾಕಿಕೊಳ್ಳಲಿ, ತಪ್ಪೇನಿಲ್ಲ. ಜೊತೆಗೆ ನಮ್ಮ ಮೊಹಲ್ಲಾದಲ್ಲಿ ಓದಿ ಪದವಿ ಪಡೆದ ಒಬ್ಬ ಯುವಕ ಸಂಜೆ ಮದ್ರಸದಿಂದ, ಶಾಲೆಯಿಂದ ಬರುವ ಹತ್ತು ಮಕ್ಕಳನ್ನು ಸೇರಿಸಿ, ಇವತ್ತು ಎಲ್ಲರೂ ಎಡಗಾಲಲ್ಲೇ ಆಡಬೇಕು ಅಂತ ಒಂದು ಸೀಟಿ ಊದಲಿ. ರಹೀಂ ಸಾಬ್ ಶುರು ಮಾಡಿದ್ದೂ ಅಷ್ಟರಿಂದಲೇ.